ಏಮಿ ವಾಕರ್ ಆಕ್ಸೆಂಟ್ ಪಾಠ: ದುಡ್ಡು ಬೇಡ, ಕನ್ನಡಿ ಬೇಕು

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಟ್ ಅಂತ ಆಮೇಲೆ ಹೇಳುತ್ತೇನೆ.

ಏಮಿ ವಾಕರ್ ಅಮೆರಿಕದ ನಟಿ. ಹಾಡುತ್ತಾರೆ, ನಗಿಸುತ್ತಾರೆ, ಜೊತೆಗೆ ಆಕ್ಸೆಂಟ್, ಅಂದರೆ ಆಯಾ ಊರಿನವರು ಮಾತಾಡುವ ಧಾಟಿ, ಕಲಿಸುತ್ತಾರೆ. 2008ರಲ್ಲಿ ಯೂಟ್ಯೂಬ್‌ಗೆ ‘21 ಆಕ್ಸೆಂಟ್ಸ್’ ಅಂತ ಒಂದು ವಿಡಿಯೋ ಹಾಕಿದರು. ಪೂರ್ತಿ ಮೂರು ನಿಮಿಷವೂ ಇಲ್ಲ. ವೇಷ ಇಲ್ಲ, ಸೆಟ್ ಇಲ್ಲ. ಸುಮ್ನೆ ಕ್ಯಾಮೆರಾ ಮುಂದೆ ಕೂತು ಹೆಸರು ಊರು ಹೇಳುತ್ತಾ ಹೋಗುತ್ತಾರೆ, ಒಂದ್ಸಲ ಲಂಡನ್ನಿನವರು, ಆಮೇಲೆ ಡಬ್ಲಿನ್, ಟೆಕ್ಸಸ್, ಬ್ರೂಕ್ಲಿನ್, ಹೀಗೆ ಇಪ್ಪತ್ತೊಂದು ಸಲ ಬೇರೆ ಬೇರೆ ಹೆಂಗಸಾಗುತ್ತಾರೆ. ಲಕ್ಷಗಟ್ಟಲೆ ಜನ ಅದನ್ನು ನೋಡಿದರು.

ಮೊದಲ ಸಲ ನಾನೂ ನಕ್ಕು ಮರೆತಿದ್ದೆ. ಈಚೆಗೆ ಸೌಂಡ್ ಆಫ್ ಮಾಡಿ ನೋಡಿದೆ. ನೀವೂ ಹಾಗೆ ಮಾಡಿ. ಊರು ಬದಲಾದ ಹಾಗೆ ಮುಖವೇ ಬದಲಾಗುತ್ತದೆ, ದವಡೆ ಸಡಿಲ ಆಗುತ್ತದೆ, ತುಟಿ ಮುಂದೆ ಬರುತ್ತದೆ, ಹುಬ್ಬು ಕೂಡ ಬೇರೆ ಕೆಲಸಕ್ಕೆ ಸೇರಿಕೊಳ್ಳುತ್ತದೆ. ಮಿಮಿಕ್ರಿ ಮಾಡುವವರಿಗೆ ಇದು ಗೊತ್ತಿರುವ ವಿಷಯ. ಆಕ್ಸೆಂಟ್ ಕಲಿಸುವ ಬಹಳ ಜನಕ್ಕೆ ಗೊತ್ತಿಲ್ಲ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಬೆಂಗಳೂರಿನ ಒಂದು ಕಾಲ್ ಸೆಂಟರ್‌ನಲ್ಲಿ ನಾನು ಕೆಲಸಕ್ಕೆ ಸೇರಿದಾಗ ‘ವಾಯ್ಸ್ ಅಂಡ್ ಆಕ್ಸೆಂಟ್’ ಟ್ರೈನಿಂಗ್ ಕೊಟ್ಟಿದ್ದರು. ಪದಗಳ ಒಂದು ಪಟ್ಟಿ, ತಪ್ಪು ಮಾಡಿದರೆ ಎಲ್ಲರ ಮುಂದೆ ನಿಲ್ಲಿಸುವುದು, ಅಷ್ಟೇ. ಮಂಡ್ಯ ಕಡೆಯವನು ನಾನು, ‘ಎಗ್’ ಅನ್ನುವುದು ಬಾಯಲ್ಲಿ ‘ಯೆಗ್’ ಆಗುತ್ತಿತ್ತು. ನಗುತ್ತಿದ್ದರೇ ಹೊರತು ನಾಲಗೆ ಎಲ್ಲಿಡಬೇಕು ಅಂತ ಒಬ್ಬರೂ ಹೇಳಲಿಲ್ಲ.

ಈ ಯಮ್ಮ ಶುರು ಮಾಡುವುದೇ ಬೇರೆ ತುದಿಯಿಂದ. ಕಲಿಸುವ ವಿಡಿಯೋಗಳೂ ಯೂಟ್ಯೂಬ್‌ನಲ್ಲೇ ಇವೆ, ಪುಕ್ಕಟೆ. ಮೊದಲು ಕಿವಿ ತುಂಬ ಕೇಳಿ, ಮಕ್ಕಳು ಅಣಕಿಸುವ ಹಾಗೆ ನಾಚಿಕೆ ಬಿಟ್ಟು ಅನುಕರಿಸಿ ಅನ್ನುವುದು ಅವರ ದಾರಿ. ನಾನು ಬಚ್ಚಲುಮನೆ ಕನ್ನಡಿ ಮುಂದೆ ನಿಂತು ಮಾಡಿದೆ. ಹೆಂಡತಿ ಹೊರಗಿನಿಂದ “ಯಾರ ಜೊತೆ ಮಾತಾಡ್ತಿದ್ದೀರಾ?” ಅಂತ ಕೇಳಿದಳು. ಅಮೆರಿಕನ್ ‘ರ್’ ಹೇಳುವಾಗ ನಾಲಗೆ ತುದಿ ಎಲ್ಲೂ ತಾಗುವುದಿಲ್ಲ, ನಮ್ಮ ‘ರ’ ಮೇಲೆ ಬಡಿದು ಬರುತ್ತದೆ. ‘ವಾಟರ್’ ಅನ್ನುವುದರ ನಡುವಿನ ‘ಟ’ ಅವರ ಬಾಯಲ್ಲಿ ಹೆಚ್ಚುಕಮ್ಮಿ ‘ಡ’ ಆಗಿಬಿಡುತ್ತದೆ. ಇದೆಲ್ಲ ಪುಸ್ತಕದಲ್ಲೂ ಇದೆ, ಆದರೆ ಬಾಯಿಗೆ ಬಂದದ್ದು ಕನ್ನಡಿಯಿಂದ.

ಇನ್ನು ಕಟ್ ಮಾಡಿದ ಆ ಒಂದು ಸ್ಟಾರ್. ಪಾಠ ಇರುವುದು ಪಾತ್ರ ಮಾಡುವವರಿಗೆ. ಬ್ರೂಕ್ಲಿನ್‌ನವರ ಹಾಗೆ ಮಾತಾಡಿ ನನಗೇನಾಗಬೇಕು? ಕಾಲ್‌ನಲ್ಲಿ ಆ ಕಡೆಯವರು “ಪಾರ್ಡನ್?” ಅನ್ನದಿದ್ದರೆ ಸಾಕು. ನಮ್ಮ ನಿಜವಾದ ತೊಂದರೆ ಒತ್ತು, ಅಂದರೆ ಪದದ ಯಾವ ಭಾಗವನ್ನು ಗಟ್ಟಿಯಾಗಿ ಹೇಳಬೇಕು ಅನ್ನುವುದು. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮನಾದ ತೂಕ, ಅದನ್ನೇ ಇಂಗ್ಲಿಷಿಗೂ ಹಚ್ಚುತ್ತೇವೆ. ‘ಹೋಟೆಲ್’ನಲ್ಲಿ ಒತ್ತು ‘ಟೆಲ್’ ಮೇಲೆ, ‘ಡೆವಲಪ್‌ಮೆಂಟ್’ನಲ್ಲಿ ‘ವೆ’ ಮೇಲೆ ಅಂತ ನನಗೆ ಗೊತ್ತಾಗಿದ್ದೇ ಮೂವತ್ತು ದಾಟಿದ ಮೇಲೆ. ನಾನು ನೋಡಿದ ಪಾಠಗಳಲ್ಲಿ ನಮ್ಮಂಥವರ ಈ ಕಷ್ಟಕ್ಕೆ ಜಾಸ್ತಿ ಜಾಗ ಇರಲಿಲ್ಲ. ತಪ್ಪು ಅವರದ್ದಲ್ಲ ಬಿಡಿ, ನಮಗೆ ಅಂತ ಮಾಡಿದ್ದಲ್ಲವಲ್ಲ.

ಇದನ್ನು ನಿಜಕ್ಕೂ ನೋಡಬೇಕಾದವರು ನಮ್ಮ ಸಿನಿಮಾ, ಸೀರಿಯಲ್‌ನವರು. ಮಂಗಳೂರಿನ ಪಾತ್ರ ಅಂದರೆ ನಾಲ್ಕು ಸಲ ‘ಎಂತ ಮಾರಾಯ’, ಧಾರವಾಡದ ಪಾತ್ರ ಅಂದರೆ ಸಿಕ್ಕಲ್ಲೆಲ್ಲ ‘ರೀ’. ಆಯ್ತು, ಆಕ್ಸೆಂಟ್ ಮುಗೀತು! ಮಾತಿನ ರಾಗ ಮಾತ್ರ ಬೆಂಗಳೂರಿನದ್ದೇ. ಏಮಿ ವಾಕರ್ ಇಂಥ ಪದಗಳನ್ನು ನಂಬಿ ಕೂರದೆ ರಾಗದಲ್ಲೇ ಊರು ತೋರಿಸುತ್ತಾರೆ, ಅಲ್ವಾ?

ನೋಡುವುದಾದರೆ ಇಯರ್‌ಫೋನ್ ಹಾಕಿಕೊಳ್ಳಿ, ದಿನಕ್ಕೆ ಹತ್ತು ನಿಮಿಷ ಸಾಕು. ಎರಡು ವಾರದಲ್ಲಿ ನನಗೆ ಕುಡಿಯುವ ‘ವೈನ್’ ಬೇರೆ, ಬಳ್ಳಿ ಅನ್ನುವ ‘ವೈನ್’ ಬೇರೆ ಅಂತ ಬಾಯಲ್ಲಿ ಗೊತ್ತಾಯಿತು. ಮೊದಲನೆಯದಕ್ಕೆ ತುಟಿ ದುಂಡಗೆ, ಎರಡನೆಯದಕ್ಕೆ ಹಲ್ಲು ಕೆಳತುಟಿಗೆ. ಬರೆದು ತೋರಿಸೋಣ ಅಂದರೆ ನೋಡಿ, ಎರಡೂ ಒಂದೇ ಥರ ಕೂತಿವೆ.