ಸುಮೋ ಮತ್ತು ಮ್ಯಾಟ್‌ಸಿಮ್: ಹಾಸನದ ನಕ್ಷೆಯ ಮೇಲೆ ಪಾಡ್ ಸಾರಿಗೆ

ಪಾಡ್ ಎಂಬ ಚಾಲಕರಿಲ್ಲದ ಸಣ್ಣ ವಾಹನಗಳ ಸಾರಿಗೆಯನ್ನು ಕಂಪ್ಯೂಟರಿನಲ್ಲಿ ಪರೀಕ್ಷಿಸಲು ಉಚಿತವಾಗಿ ಸಿಗುವ ಸುಮೋ ಮತ್ತು ಮ್ಯಾಟ್‌ಸಿಮ್ ತಂತ್ರಾಂಶಗಳನ್ನು ಹಾಸನದ ನಕ್ಷೆಯ ಮೇಲೆ ಓಡಿಸಿ ನೋಡಿದ್ದೇನೆ. ಬಸ್ ನಿಲ್ದಾಣ, ರೈಲು ನಿಲ್ದಾಣ, ಎನ್.ಆರ್. ವೃತ್ತ, ಸಾಲಗಾಮೆ ರಸ್ತೆಯ ಇಂಜಿನಿಯರಿಂಗ್ ಕಾಲೇಜು ಇವುಗಳನ್ನು ಕೂಡಿಸುವ, ಪಾಡ್‌ಗಳಿಗಷ್ಟೇ ಮೀಸಲಾದ ಕಲ್ಪಿತ ಹಾದಿಯೊಂದನ್ನು ಎರಡರಲ್ಲೂ ಹಾಕಿಕೊಂಡೆ.

ಜರ್ಮನಿಯ ಬಾಹ್ಯಾಕಾಶ ಸಂಶೋಧನೆಯ ಡಿಎಲ್‌ಆರ್ ಸಂಸ್ಥೆ ಬೆಳೆಸಿದ ಸುಮೋ ಪ್ರತಿ ವಾಹನದ ವೇಗವನ್ನೂ ಅಂತರವನ್ನೂ ಕ್ಷಣಕ್ಷಣಕ್ಕೆ ಲೆಕ್ಕ ಹಾಕುತ್ತದೆ. ಆದರೆ ಅದರ ಮೂಲ ಮಾದರಿ ಮನುಷ್ಯ ಚಾಲಕನದು. ಚಾಲಕನ ಅಸ್ಥಿರತೆಯನ್ನು ಸೂಚಿಸುವ ಸಿಗ್ಮಾ ಎಂಬ ಅಂಕಿ ಮೊದಲಿಗೇ 0.5 ಇರುತ್ತದೆ, ಪಾಡ್‌ಗಳಿಗೆ ಅದನ್ನು 0 ಮಾಡಬೇಕು. ವಾಹನಗಳ ನಡುವಿನ ಕಾಲಾಂತರವನ್ನು ಒಂದು ಸೆಕೆಂಡಿಗಿಂತ ತಗ್ಗಿಸುವುದಾದರೆ ಲೆಕ್ಕಾಚಾರದ ಹೆಜ್ಜೆಯನ್ನೂ (ಒಂದು ಲೆಕ್ಕದಿಂದ ಮುಂದಿನ ಲೆಕ್ಕಕ್ಕೆ ಇರುವ ಸಮಯ) ಜೊತೆಗೇ ಕಿರಿದುಮಾಡಬೇಕು, ಇಲ್ಲವಾದರೆ ಪರದೆಯ ಮೇಲೆ ಪಾಡ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಪ್ರಯಾಣಿಕರನ್ನು ಇಳಿಸಿದ ಖಾಲಿ ಪಾಡ್, ನಾವು ಬೇರೆ ಏರ್ಪಾಡು ಮಾಡದಿದ್ದರೆ, ಇದ್ದಲ್ಲಿಯೇ ನಿಲ್ಲುತ್ತದೆ. ಅದನ್ನು ಬೇಡಿಕೆಯಿರುವ ಕಡೆಗೆ ಕಳುಹಿಸುವ ಬುದ್ಧಿಯನ್ನು ಓಡುತ್ತಿರುವ ಸುಮೋವನ್ನು ಹೊರಗಿನಿಂದ ನಿಯಂತ್ರಿಸುವ ಟ್ರಾಸಿ ಎಂಬ ಸೌಲಭ್ಯದ ಮೂಲಕ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾವೇ ಬರೆಯಬೇಕಾಗುತ್ತದೆ.

ಮ್ಯಾಟ್‌ಸಿಮ್‌ನಲ್ಲಿ ಈ ತೊಂದರೆಯಿಲ್ಲ. ಅದು ಒಂದೇ ದಿನವನ್ನು ಹಲವು ಸುತ್ತು ಓಡಿಸುತ್ತದೆ. ಹಿಂದಿನ ಸುತ್ತಿನ ಬೇಡಿಕೆಯನ್ನು ನೋಡಿ ಖಾಲಿ ವಾಹನಗಳನ್ನು ಮರುಹಂಚುವ ವಿಧಾನ ಅದರಲ್ಲಿ ಸಿದ್ಧವಾಗಿದೆ, ಇಡೀ ದಿನದ ಓಡಾಟ ಬೇಗ ಮುಗಿಯುತ್ತದೆ. ಎಷ್ಟು ಪಾಡ್ ಬೇಕು ಎಂಬ ಪ್ರಶ್ನೆಗೆ ನಾನು ಇದನ್ನೇ ನಂಬುತ್ತೇನೆ. ಆದರೆ ಇಲ್ಲಿ ರಸ್ತೆಯೆಂದರೆ ಬರಿಯ ಸರದಿ ಸಾಲು. ಜನರನ್ನು ಹತ್ತಿಸಿಕೊಳ್ಳಲು ನಿಂತ ವಾಹನ ಹಿಂದಿನದಕ್ಕೆ ಅಡ್ಡವಾಗುವುದೇ ಇಲ್ಲ.

ನನ್ನ ಮಟ್ಟಿಗೆ ತೀರ್ಮಾನವಾದದ್ದು ಇಲ್ಲಿಯೇ. ಮೂರು ಸೆಕೆಂಡಿಗೊಂದರಂತೆ ಗಂಟೆಗೆ 1200 ಪಾಡ್‌ಗಳನ್ನು ಹಾದಿ ಸಾಗಿಸಬಲ್ಲುದಾದರೂ, ಹತ್ತಿ ಇಳಿಯಲು 30 ಸೆಕೆಂಡ್ ಹಿಡಿದರೆ ನಿಲ್ದಾಣದಲ್ಲಿ ಒಂದು ಪಾಡ್ ನಿಲ್ಲುವಷ್ಟು ಜಾಗದ ಒಂದು ಅಂಕಣ ಗಂಟೆಗೆ 120ಕ್ಕಿಂತ ಹೆಚ್ಚು ನಿಭಾಯಿಸಲಾರದು. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ಸೇರುವಂತಹ ಜನಸಂದಣಿಯನ್ನು ಒಂದೇ ನಿಲ್ದಾಣದ ಮೇಲೆ ಹೇರಿದಾಗ, ಮ್ಯಾಟ್‌ಸಿಮ್ ಇನ್ನಷ್ಟು ಪಾಡ್ ಸೇರಿಸಿದರೆ ಸಾಕೆಂಬಂತೆ ಕಾಯುವ ಸಮಯವನ್ನು ಇಳಿಸಿ ತೋರಿಸಿತು. ಸುಮೋದಲ್ಲಿ ಅದೇ ಹೆಚ್ಚುವರಿ ಪಾಡ್‌ಗಳು ನಿಲ್ದಾಣದ ಬಾಯಲ್ಲಿ ಸಾಲುಗಟ್ಟಿ ಮುಖ್ಯ ಹಾದಿಯನ್ನೇ ಕಟ್ಟಿಹಾಕಿದವು. ಅಮೆರಿಕದ ಮಾರ್ಗನ್‌ಟೌನ್‌ನಲ್ಲಿ 1975ರಿಂದ ಓಡುತ್ತಿರುವ ಇಂತಹ ಸಾರಿಗೆಯಲ್ಲಿ ನಿಲ್ದಾಣಗಳನ್ನು ಮುಖ್ಯ ಹಾದಿಯಿಂದ ಬದಿಗೆ ಇಟ್ಟಿರುವುದರ ಬೆಲೆ ಈ ಚಿತ್ರವನ್ನು ನೋಡಿದವರಿಗೆ ತಿಳಿಯುತ್ತದೆ.

ಆದ್ದರಿಂದ ಹಾಸನದಷ್ಟು ಊರಿಗೆ ಒಂದನ್ನೇ ಕಲಿಯುವುದಾದರೆ ಸುಮೋ ಕಲಿಯಿರಿ ಎನ್ನುತ್ತೇನೆ. ಇಡೀ ಜಿಲ್ಲೆಯ ಪ್ರಯಾಣಗಳನ್ನು ಸೇರಿಸುವವರಿಗೆ ಮ್ಯಾಟ್‌ಸಿಮ್ ಬೇಕೇ ಬೇಕು. ಅದಕ್ಕೆ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಅಭ್ಯಾಸವೂ ಸಾಕಷ್ಟು ಮೆಮೊರಿಯಿರುವ ಕಂಪ್ಯೂಟರೂ ಇರಬೇಕು.