ಫೋಟೋ ನೋಡಿ ಮರಕ್ಕೆ ರೇಟ್ ಹೇಳಬೇಡಿ, ನಾನು ಹೇಳಿ ಕೆಟ್ಟೆ

ಬರೆಯುವುದಕ್ಕೇ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಯಾಕೆಂದರೆ ಇದೇ ಮನುಷ್ಯ ನಾಳೆ ನಿಮಗೂ ಫೋನ್ ಮಾಡಬಹುದು. ಮೈಸೂರಿನಲ್ಲಿ ಮರ ಕಡಿಯೋ ಕೆಲಸ ಹಿಡಿದು ನನಗೆ ಹದಿನಾಲ್ಕು ವರ್ಷ. ತೆಂಗು, ಸಿಲ್ವರ್ ಓಕ್, ಮನೆ ಮೇಲೆ ಬಾಗಿದ ಗುಲ್‌ಮೊಹರ್, ತಂತಿ ಮಧ್ಯೆ ಸಿಕ್ಕಿಕೊಂಡ ಮಳೆಮರ, ಎಲ್ಲ ಇಳಿಸಿದ್ದೇನೆ. ಹೊಸ ಹುಡುಗರಿಗೆ "ಮರದ ಸುತ್ತ ಮೂರು ಸಲ ಬಾರದೆ ರೇಟ್ ಬಾಯಿಬಿಡಬೇಡ" ಅಂತ ಬೈಯುವವನು ನಾನೇ. ಅಂಥವನು ವಾಟ್ಸಾಪ್‌ನಲ್ಲಿ ಬಂದ ಒಂದೇ ಒಂದು ಫೋಟೋ ನೋಡಿ ಒಪ್ಪಿಕೊಂಡೆ.

ಮೇ ತಿಂಗಳು. ಗಾಳಿ ಮಳೆ ಶುರುವಾದರೆ ನಮ್ಮ ಫೋನ್ ಹೇಗೆ ಬಡಿದುಕೊಳ್ಳುತ್ತದೆ ಅಂತ ನಿಮಗೆ ಗೊತ್ತು. ನಾನು ಹುಣಸೂರು ಕಡೆ ಒಂದು ತೋಟದಲ್ಲಿದ್ದೆ. ಬೋಗಾದಿ ಕಡೆಯ ಬಡಾವಣೆಯಿಂದ ಒಬ್ಬರು ಕರೆ ಮಾಡಿದರು. ಹೆಸರು ಬರೆಯುವುದಿಲ್ಲ, ಯಜಮಾನರು ಅಂತಲೇ ಇರಲಿ. ಹಿತ್ತಿಲಲ್ಲಿ ಹಳೇ ಹಲಸಿನ ಮರ, ಕಾರ್ ಶೆಡ್ ಕಟ್ಟಿಸಬೇಕು, ತೆಗೆಸಬೇಕು. "ನಮ್ಮ ತಂದೆ ನೆಟ್ಟಿದ್ದಪ್ಪ, ಕಡಿಸೋಕೆ ಮನಸ್ಸೇ ಬರಲ್ಲ. ಒಳಗೆ ಪೂರ್ತಿ ಗಟ್ಟಿ ತಿರುಳು, ಚೇಗು ಕೂತಿದೆ, ಬಂಗಾರ ಬಂಗಾರ" ಅಂದರು. ಆ ಮಾತಿಗೇ ನಾನು ಬಿದ್ದೆ ಅನ್ನಿಸುತ್ತದೆ. ತಂದೆ ನೆಟ್ಟ ಮರದ ವಿಷಯದಲ್ಲಿ ಯಾರಾದರೂ ಸುಳ್ಳು ಹೇಳುತ್ತಾರಾ?

ಫೋಟೋ ಬಂತು. ನೆಟ್ಟಗೆ ಒಂಬತ್ತು ಅಡಿ ಬೊಡ್ಡೆ. ಸುತ್ತಳತೆ ಟೇಪ್ ಹಿಡಿದು ಅವರೇ ಹೇಳಿದರು, ಆರೂವರೆ ಅಡಿ. ನಾನು ತೋಟದಲ್ಲಿ ನಿಂತೇ ಲೆಕ್ಕ ಹಾಕಿದೆ. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿದರೆ ಹತ್ತಿರ ಹತ್ತಿರ 24 ಘನ ಅಡಿ. ನನ್ನ ಪರಿಚಯದ ಸಾಮಿಲ್ಲಿನವರು ಒಳ್ಳೇ ಹಲಸಿಗೆ ಘನ ಅಡಿಗೆ 900 ಕೊಡುತ್ತಿದ್ದರು. ಅಂದರೆ ದಿಮ್ಮಿಗೇ 21 ಸಾವಿರದ ಮೇಲೆ. ಕೆಲಸದ ಕೂಲಿ 30,000 ಅಂದೆ. ಅವರು "ಮರ ನೀವೇ ತಗೊಳ್ಳಿ, 20,000 ಅದಕ್ಕೆ ಹಿಡೀರಿ, ಮಿಕ್ಕ 10,000 ಕೈಗೆ ಕೊಡ್ತೀನಿ" ಅಂದರು. ಮರಕ್ಕೆ ಕೂಲಿ ವಜಾ ಮಾಡೋದು ನಮ್ಮಲ್ಲಿ ಹೊಸದೇನಲ್ಲ ಅಲ್ವಾ. ಒಪ್ಪಿದೆ. 2,000 ಅಡ್ವಾನ್ಸ್ ಫೋನ್‌ಪೇಗೆ ಬಂತು.

ಮರ ಕಡಿಯೋಕೆ ಪರ್ಮಿಶನ್ ಇದೆಯಾ ಅಂತ ಕೇಳಿದೆ. ಕೇಳಿಲ್ಲ ಅಂತ ಯಾರೂ ಅನ್ನಬೇಡಿ. "ಫಾರೆಸ್ಟ್‌ನವರ ಸೀಲ್ ಬಿದ್ದಿದೆ, ಕಳಿಸ್ತೀನಿ" ಅಂದರು. ಅದೂ ಫೋಟೋ. ನೇರಳೆ ಬಣ್ಣದ ಸೀಲ್ ಕಂಡಿತು, ಸಹಿ ಕಂಡಿತು. ಓದಿದೆನಾ? ಇಲ್ಲ.

ಕೆಲಸದ ದಿನ ಬೆಳಿಗ್ಗೆ ಎಂಟಕ್ಕೆ ಹೋದೆವು. ಮರದ ಎಡಗಡೆಗೆ ಒತ್ತಿಕೊಂಡು ಒಂದು ನೀಲಿ ಡ್ರಮ್, ತುಂಬ ನೀರು, ಮೇಲೊಂದು ಮನಿಪ್ಲಾಂಟ್. "ಅದನ್ನ ಸರಿಸಬೇಡಿ, ಮನೆಯವರು ಬೈತಾರೆ" ಅಂದರು. ನಾನು ಮಚ್ಚಿನ ಹಿಂಬದಿಯಿಂದ ಬೊಡ್ಡೆಗೆ ಎರಡು ಏಟು ಹಾಕಿ ನೋಡಿದೆ. ಪೊಟರೆ ಇದ್ದರೆ ಡೊಳ್ಳು ಬಾರಿಸಿದ ಹಾಗೆ ಕೇಳಬೇಕು. ಧಪ್ ಧಪ್ ಅಂತು, ಗಟ್ಟಿ. ಸಮಾಧಾನ ಆಯಿತು.

ಮಧ್ಯಾಹ್ನ ಎರಡೂವರೆ ಹೊತ್ತಿಗೆ ಕೊಂಬೆ ಎಲ್ಲ ಇಳಿಯಿತು. ಹಲಸಿನ ಮೇಣ ಗೊತ್ತಲ್ಲ, ಕೈ, ಹಗ್ಗ, ಮರ ಕೊಯ್ಯೋ ಮಿಷನ್ನಿನ ಚೈನ್ ಎಲ್ಲ ಅಂಟು. ಮೇಲೆ ಹತ್ತಿದ್ದವನು ಹುಡುಗ, ಇಪ್ಪತ್ಮೂರು ವರ್ಷ. ದಪ್ಪ ಕೊಂಬೆಗಳನ್ನು ಹಗ್ಗದಲ್ಲಿ ಇಳಿಸುವಾಗ ಅದೇ ಬೊಡ್ಡೆಗೆ ಹಗ್ಗ ಸುತ್ತಿದ್ದೆವು. ಒಂದೊಂದು ತುಂಡು ಬಿದ್ದಾಗಲೂ ಮರ ಜಗ್ಗುತ್ತಿತ್ತು. ಅವನ ಸೊಂಟದ ಬೆಲ್ಟೂ ಆ ಮರಕ್ಕೇ.

ಆಮೇಲೆ ಬುಡಕ್ಕೆ ಮಿಷನ್ ಇಟ್ಟೆ. ಹಲಸಿನ ಹೊಟ್ಟು ಅರಿಶಿನದ ಹಾಗೆ ಹಳದಿ ಬರಬೇಕು. ಬಂತು, ಮೂರು ನಾಲ್ಕು ಇಂಚು ಚೆನ್ನಾಗೇ ಬಂತು. ಆಮೇಲೆ ಕಾಫಿಪುಡಿ ಬಣ್ಣ, ಒದ್ದೆ ಒದ್ದೆ. ಎದೆ ಸ್ವಲ್ಪ ಝಲ್ ಅಂತು. ಆಮೇಲೆ ಕಿಡಿ! ಮರದೊಳಗಿಂದ ಕಿಡಿ. ಬೂದುಬಣ್ಣದ ಪುಡಿ ನನ್ನ ಬೂಟಿನ ಮೇಲೆ ಬಿತ್ತು. ಮಿಷನ್ ನಿಲ್ಲಿಸಿ ಪುಡಿ ಬೆರಳಲ್ಲಿ ಉಜ್ಜಿ ನೋಡಿದೆ. ಸಿಮೆಂಟು.

ಡ್ರಮ್ ಉರುಳಿಸಿದೆ. ಹಿಂದೆ ಮೊಣಕಾಲಿನಿಂದ ಎದೆಮಟ್ಟದವರೆಗೆ ಪ್ಲಾಸ್ಟರಿಂಗ್. ಅದರ ಮೇಲೆ ಕೆಮ್ಮಣ್ಣು ಬಳಿದಿದ್ದಾರೆ, ತೊಗಟೆ ಥರ ಕಾಣಲಿ ಅಂತ ಕರಣೆಯಲ್ಲಿ ಗೀರು ಬೇರೆ ಎಳೆದಿದ್ದಾರೆ. ಪೊಟರೆಗೆ ಜಲ್ಲಿ, ಸಿಮೆಂಟು ತುಂಬಿದ ಮರ. ಅದಕ್ಕೇ ಧಪ್ ಅಂದಿದ್ದು! ಶೆಡ್ಡೂ ಇಲ್ಲ ಏನೂ ಇಲ್ಲ. ಮರ ಮನೆ ಮೇಲೆ ಬೀಳುತ್ತದೆ ಅಂತ ಹೆದರಿ ಕಡಿಸಿದ್ದು. ಆ ಹುಡುಗ ನನ್ನ ಮುಖ ನೋಡಿದ. "ಅಣ್ಣಾ, ನಾನು ಇದರ ಮೇಲಿದ್ನಾ?" ಅಂದ. ಅಷ್ಟೇ ಅಂದಿದ್ದು. ನನಗೆ ಉತ್ತರ ಕೊಡೋಕೆ ಬಾಯಿ ಬರಲಿಲ್ಲ.

ಯಜಮಾನರನ್ನು ಕರೆದೆ. "ಇದೇನ್ ಸರ್?" ಅಂದೆ. ಅವರು ಬಗ್ಗಿ ನೋಡಿ, ನಿಜವಾಗಲೂ ಮೊದಲ ಸಲ ನೋಡಿದವರ ಹಾಗೆ, "ಓ, ಇದಾ? ಇರುವೆ ಬರುತ್ತೆ ಅಂತ ನಮ್ಮ ಗಾರೆಯವನು ಯಾವಾಗಲೋ ಸ್ವಲ್ಪ ಮೆತ್ತಿದ್ದ" ಅಂದರು. ಸ್ವಲ್ಪ! ದಿಮ್ಮಿಗೆ ಬೆಲೆ ಇಲ್ಲ, ಕೂಲಿ ಪೂರ್ತಿ ಕೊಡಬೇಕು ಅಂದೆ. "ಅಲ್ಲಪ್ಪ, ಮರ ನೋಡಿ ಒಪ್ಪಿದ್ದು ನೀನು. ಹದಿನಾಲ್ಕು ವರ್ಷದ ಅನುಭವ ಅಂದಿದ್ದೆ. ಅನುಭವ ಇರೋವನಿಗೆ ಗೊತ್ತಾಗಲಿಲ್ಲ ಅಂದ್ರೆ ನನಗೆ ಹೇಗಪ್ಪ ಗೊತ್ತಾಗುತ್ತೆ?"

ಈ ಮಾತು ಇವತ್ತಿಗೂ ರಾತ್ರಿ ಕಿವಿಯಲ್ಲಿ ಕೇಳುತ್ತದೆ.

ಜಗಳ ಜೋರಾಯಿತು, ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ವಿಡಿಯೋ ಶುರು ಮಾಡಿದರು. 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆಯ 40 ಮರ ಹೋದವಲ್ಲ, ಅಲ್ಲಿಂದ ಮೈಸೂರಿನಲ್ಲಿ ಮಿಷನ್ ಸದ್ದು ಕೇಳಿದರೆ ಜನ ಫೋನ್ ಎತ್ತುತ್ತಾರೆ. ತಪ್ಪು ಅನ್ನುವುದಿಲ್ಲ. "ಆರ್ಡರ್ ಇದೆಯೇನ್ರೀ?" ಅಂದರು. ಇದೆ ಸರ್ ಅಂತ ಧೈರ್ಯವಾಗಿ ಫೋನ್ ಕೊಟ್ಟೆ. ಅವರು ರಿಟೈರ್ಡ್ ಗುಮಾಸ್ತರಂತೆ. ಕನ್ನಡಕ ಏರಿಸಿ, ಫೋಟೋ ದೊಡ್ಡದು ಮಾಡಿ, "ಇದು ಅರ್ಜಿ ತಲುಪಿದ್ದಕ್ಕೆ ಹಾಕಿರೋ ಸೀಲು ಕಣಪ್ಪ. ಅನುಮತಿ ಎಲ್ಲಿದೆ ಇದರಲ್ಲಿ?" ಅಂದರು. ನನ್ನ ನಾಲ್ಕು ಜನರ ಮುಂದೆ. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

1976ರ ಮರ ಸಂರಕ್ಷಣೆ ಕಾಯ್ದೆ ಕಡಿಸಿದವನನ್ನು ಮಾತ್ರ ಹಿಡಿಯುವುದಿಲ್ಲ, ಕಡಿದವನನ್ನೂ ಹಿಡಿಯುತ್ತದೆ. ಮಿಷನ್, ಗಾಡಿ ಜಪ್ತಿ ಆದರೆ ನನ್ನ ಕಥೆ ಮುಗಿಯಿತು. ಕೆಲಸ ಅಲ್ಲಿಗೇ ನಿಲ್ಲಿಸಿದೆ. ಯಜಮಾನರು? ಬಿಪಿ ಜಾಸ್ತಿ ಆಯಿತು ಅಂತ ಒಳಗೆ ಹೋದವರು ಹೊರಗೆ ಬರಲೇ ಇಲ್ಲ.

ಹತ್ತಿದ ಹುಡುಗನಿಗೆ 2,000. ಕೆಳಗಿನ ಮೂವರಿಗೆ ತಲಾ 900. ಬಾಡಿಗೆ ಟ್ರ್ಯಾಕ್ಟರ್ ಖಾಲಿ ಹೋದರೂ 2,500. ಪೆಟ್ರೋಲು, ಆಯಿಲ್ 900, ಊಟ ಕಾಫಿ 600. ಹಲ್ಲೆಲ್ಲ ಬೋಳಾದ ಚೈನ್ ಬದಲಿಗೆ ಹೊಸದು 1,700. ಒಟ್ಟು 10,400. ಬಂದಿದ್ದು 2,000. ನನ್ನ ದಿನಗೂಲಿ ಇದರಲ್ಲಿ ಸೇರಿಲ್ಲ, ಬಿಡಿ.

ಆಮೇಲೆ ಎಷ್ಟು ಮೆಸೇಜ್ ಹಾಕಿದೆನೋ. ಮೊದಲ ಉತ್ತರ: "ಅರ್ಧ ಕೆಲಸಕ್ಕೆ ಪೂರ್ತಿ ದುಡ್ಡಾ?" ಎರಡನೆಯದು: "ನಮ್ಮ ಡ್ರಮ್ ಬೀಳಿಸಿ ಗಿಡ ಹಾಳು ಮಾಡಿದ್ದೀಯ, ನಾನು ಕೇಳಿದ್ನಾ?" ಹುಡುಗನ ಜೀವದ ವಿಷಯ ಬರೆದೆ. ಅದಕ್ಕೆ: "ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲವಲ್ಲ." ಅಲ್ಲಿಂದ ಉತ್ತರ ಇಲ್ಲ. ಆದರೆ ದಿನಾ ಬೆಳಿಗ್ಗೆ ಆರೂಕಾಲಿಗೆ ಹೂವಿನ ಚಿತ್ರದ ಜೊತೆ ಶುಭೋದಯ ಮಾತ್ರ ಬರುತ್ತದೆ. ಎಲ್ಲರಿಗೂ ಕಳಿಸೋ ಪಟ್ಟಿಯಲ್ಲಿ ನನ್ನ ನಂಬರೂ ಉಳಿದುಹೋಗಿದೆ ಅಂತ ಕಾಣುತ್ತದೆ.

ನೀವಾದರೂ ಹೋಗಿ ನೋಡಿ. ಬುಡಕ್ಕೆ ಒರಗಿಸಿದ್ದನ್ನೆಲ್ಲ ಸರಿಸಿ ನೋಡಿ, ಯಾರ ಮನೆಯವರು ಬೈದರೂ ಸರಿ. ಮರದ ಬೆಲೆ ಬೇರೆ, ಕೂಲಿ ಬೇರೆ ಅಂತ ಮೊದಲೇ ಹೇಳಿ. ಅನುಮತಿ ಕಾಗದ ಕೈಯಲ್ಲಿ ಹಿಡಿದು ಓದಿ. ಓದೋಕೆ ಬರದಿದ್ದರೆ ಓದಿಸಿ.

ಇಷ್ಟು ಬರೆದು ಸುಮ್ಮನಾಗಬೇಕು ಅಂತಿದ್ದೆ. ಆದರೆ ಮೊನ್ನೆ ನಂಜನಗೂಡಿನ ಸ್ನೇಹಿತನೊಬ್ಬ ಒಂದು ಫೋಟೋ ಕಳಿಸಿ, "ಹಲಸಿನ ದಿಮ್ಮಿ ಮಾರಾಟಕ್ಕಿದೆಯಂತೆ, ನಾವೇ ಕಡಿದುಕೊಳ್ಳಬೇಕಂತೆ, ಎಷ್ಟಕ್ಕೆ ಕೇಳಲಿ?" ಅಂತ ಕೇಳಿದ. ಕೊಂಬೆ ಇಲ್ಲದ ಒಂಬತ್ತು ಅಡಿ ಬೊಡ್ಡೆ. ಎಡಗಡೆ ಅದೇ ನೀಲಿ ಡ್ರಮ್, ಹೊಸ ಮನಿಪ್ಲಾಂಟ್. ನಾನು ಮಿಷನ್ ಇಟ್ಟ ಜಾಗಕ್ಕೆ ಸರಿಯಾಗಿ, ಪಕ್ಕದಲ್ಲಿ ಇನ್ನೊಂದು ಡ್ರಮ್.