ಲಂಡನ್ನಿನ ಬೇಸಿಗೆ ಸಂಜೆ: ಗ್ಲೋಬ್‌ನಲ್ಲಿ ನಿಲ್ಲುವುದೋ, ರೀಜೆಂಟ್ಸ್ ಪಾರ್ಕಿನಲ್ಲಿ ಕೂರುವುದೋ?

ಬೇಸಿಗೆಯಲ್ಲಿ ಲಂಡನ್ ನೋಡಲು ಹೋದವರ ಕೈಲಿ ಇರುವುದು ಕೆಲವೇ ಸಂಜೆಗಳು. ಅದರಲ್ಲೊಂದನ್ನು ಬಯಲು ನಾಟಕಕ್ಕೆ ಎತ್ತಿಡುವುದಾದರೆ ಥೇಮ್ಸ್ ದಂಡೆಯ ಶೇಕ್ಸ್‌ಪಿಯರ್ಸ್ ಗ್ಲೋಬ್ ಒಂದು, ರೀಜೆಂಟ್ಸ್ ಪಾರ್ಕಿನ ಓಪನ್ ಏರ್ ಥಿಯೇಟರ್ ಇನ್ನೊಂದು. ಆಗಸ್ಟ್ ಕೊನೆಗೆ ಅಲ್ಲಿದ್ದರೆ ನಾಟಿಂಗ್ ಹಿಲ್ ಕಾರ್ನಿವಲ್ ಎಂಬ ಬೀದಿ ಹಬ್ಬವೂ ಇದೆ. ಮೂರನ್ನೂ ನೋಡಿರುವ ನನ್ನನ್ನು ಕೇಳಿದರೆ, ಕಾಲಿನಲ್ಲಿ ಕಸುವಿದ್ದವರು ಗ್ಲೋಬ್‌ಗೇ ಹೋಗಲಿ. ಅದೂ ಕೂರುವ ಟಿಕೆಟ್ಟಿಗಲ್ಲ, ನಿಲ್ಲುವ ಟಿಕೆಟ್ಟಿಗೆ.

ಈಗಿನ ಗ್ಲೋಬ್ 1997ರಲ್ಲಿ ತೆರೆದದ್ದು. ಶೇಕ್ಸ್‌ಪಿಯರನ ತಂಡ ಆಡುತ್ತಿದ್ದ 1599ರ ಮೂಲ ರಂಗಮಂದಿರ ಇದ್ದ ಜಾಗ ಇಲ್ಲಿಂದ ಹೆಚ್ಚು ದೂರವಿಲ್ಲ. 1613ರಲ್ಲಿ ನಾಟಕದ ನಡುವೆ ಹಾರಿಸಿದ ಫಿರಂಗಿಯ ಕಿಡಿ ಹುಲ್ಲಿನ ಮಾಡಿಗೆ ತಗುಲಿ ಆ ಮಂದಿರ ಸುಟ್ಟುಹೋಯಿತು. ಹೊಸದಕ್ಕೂ ಹುಲ್ಲಿನ ಮಾಡೇ, ಆದರೆ ಈಗ ಅದರ ಮೇಲೆ ನೀರು ಚಿಮ್ಮಿಸುವ ಕೊಳವೆಗಳಿವೆ. ಸುತ್ತ ಮೂರು ಅಂತಸ್ತಿನ ಮರದ ಬೆಂಚುಗಳು, ನಡುವೆ ಬರೀ ಆಕಾಶದಡಿಯ ಅಂಗಳ. ಅಲ್ಲಿ ಸುಮಾರು 700 ಜನ ನಿಲ್ಲುತ್ತಾರೆ. ಅವರನ್ನು ಗ್ರೌಂಡ್ಲಿಂಗ್ ಎಂದು ಕರೆಯುತ್ತಾರೆ. ಈ ಟಿಕೆಟ್ ಬಹಳ ವರ್ಷ 5 ಪೌಂಡ್ ಇತ್ತು. ಅಷ್ಟು ಅಗ್ಗದಲ್ಲಿ ಸಿಗುವ ಜಾಗವೇ ಮಂದಿರದ ಅತ್ಯುತ್ತಮ ಜಾಗ ಎಂದರೆ ಬೆಂಚಿಗೆ ದುಡ್ಡು ಕೊಟ್ಟವರಿಗೆ ಸಿಟ್ಟು ಬಂದೀತು, ಆದರೂ ಮಾತು ನಿಜ. ಬೇಗ ಒಳಹೊಕ್ಕರೆ ವೇದಿಕೆಯ ಅಂಚಿಗೇ ಮೊಣಕೈ ಊರಿ ನಿಲ್ಲಬಹುದು. ನಟರು ಗುಂಪನ್ನು ಸೀಳಿಕೊಂಡು ಬರುತ್ತಾರೆ, ಕಣ್ಣಿಗೆ ಕಣ್ಣಿಟ್ಟು ಮಾತಾಡುತ್ತಾರೆ. ರಾತ್ರಿಯ ಆಟದಲ್ಲೂ ನಟರಿಗೂ ಪ್ರೇಕ್ಷಕರಿಗೂ ಒಂದೇ ಬೆಳಕು, ಕತ್ತಲಲ್ಲಿ ಅಡಗಿ ಕೂರುವಂತಿಲ್ಲ. ಬಯಲಾಟದಲ್ಲಿ ರಂಗಸ್ಥಳಕ್ಕೆ ಅಂಟಿ ಕೂತು ಬೆಳೆದವರಿಗೆ ಈ ಹತ್ತಿರ ಏನೆಂದು ಬಿಡಿಸಿ ಹೇಳಬೇಕಿಲ್ಲ. ನಾನೂರು ವರ್ಷ ಹಳೆಯ ಇಂಗ್ಲಿಷ್ ಅರ್ಧ ಜಾರಿಹೋದರೂ ಮುಖಗಳು ಕತೆ ಹೇಳಿಬಿಡುತ್ತವೆ. ಕಥಾಸಾರವನ್ನು ಮೊದಲೇ ಓದಿಕೊಂಡು ಹೋಗಿ, ಸಾಕು.

ಕಷ್ಟವೂ ಇದೆ. ಆಟ ನಡೆಯುವಾಗ ಅಂಗಳದಲ್ಲಿ ಕೂರಲು ಬಿಡುವುದಿಲ್ಲ. ದೊಡ್ಡ ದುರಂತ ನಾಟಕವಾದರೆ ಮೂರು ಗಂಟೆ ಹತ್ತಿರ ನಿಲ್ಲಬೇಕು. ದಿನವಿಡೀ ಮ್ಯೂಸಿಯಂ ಸುತ್ತಿ ಬಂದ ಕಾಲಿಗೆ ಇದು ಶಿಕ್ಷೆಯೇ. ಹಾಗಾಗಿ ಆ ದಿನ ಬೇರೆ ತಿರುಗಾಟ ಇಟ್ಟುಕೊಳ್ಳಬೇಡಿ.

ರೀಜೆಂಟ್ಸ್ ಪಾರ್ಕಿನದು ಬೇರೆಯೇ ಲೋಕ. 1932ರಿಂದ ನಡೆದುಬಂದ ರಂಗಮಂದಿರ ಅದು. ಸಾವಿರಕ್ಕೂ ಹೆಚ್ಚು ಆಸನ, ಸುತ್ತ ಮರಗಳು, ಪಕ್ಕದಲ್ಲೇ ಕ್ವೀನ್ ಮೇರೀಸ್ ಗಾರ್ಡನ್ಸ್. ಜೂನ್‌ನಲ್ಲಿ ಹೋದರೆ ಅಲ್ಲಿ ಗುಲಾಬಿಯೋ ಗುಲಾಬಿ. ಜೂನ್ ಕೊನೆಗೆ ಲಂಡನ್ನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ 9 ಗಂಟೆ 20 ನಿಮಿಷದ ಸುಮಾರಿಗೆ. ಮೊದಲರ್ಧ ಹಗಲಲ್ಲಿ ನಡೆದು, ವಿರಾಮದ ನಂತರ ಕತ್ತಲಿಳಿದು ದೀಪಗಳು ಕೆಲಸ ಶುರುಮಾಡುವ ಹೊತ್ತಿಗೆ ನಾಟಕದ ಮೈಯೇ ಬದಲಾಗುತ್ತದೆ. ಈ ಒಂದು ಸುಖ ಗ್ಲೋಬ್‌ನಲ್ಲಿಲ್ಲ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ, ಸಂಗೀತ ನಾಟಕ ಇಷ್ಟವಿದ್ದರೆ ಇಲ್ಲಿಗೇ ಹೋಗಿ. ನನಗೆ ಮಾತ್ರ ಮೈಕಿನಲ್ಲಿ ಬಂದ ದನಿ, ದೂರದ ವೇದಿಕೆ ಎರಡೂ ಅಷ್ಟಾಗಿ ಹಿಡಿಸಲಿಲ್ಲ. ಮತ್ತೆ ಸಂಜೆಯ ಚಳಿ! ಜುಲೈ ಎಂದು ಅಂಗಿಯಲ್ಲೇ ಬಂದವರು ವಿರಾಮದಲ್ಲಿ ಕಂಬಳಿ ಹುಡುಕುತ್ತಿರುತ್ತಾರೆ.

ಆದರೆ ಪ್ರವಾಸಿಯ ಮಟ್ಟಿಗೆ ನಿಜವಾದ ವ್ಯತ್ಯಾಸ ಮಳೆ. ಗ್ಲೋಬ್‌ನಲ್ಲಿ ಮಳೆ ಬಂದರೂ ಆಟ ನಿಲ್ಲುವುದಿಲ್ಲ. ಕೊಡೆ ಬಿಚ್ಚುವಂತಿಲ್ಲ, ರೇನ್‌ಕೋಟ್ ಹಾಕಿಕೊಂಡು ನೆನೆಯಬೇಕು, ಆದರೆ ನಾಟಕವಂತೂ ಸಿಗುತ್ತದೆ. ರೀಜೆಂಟ್ಸ್ ಪಾರ್ಕಿನಲ್ಲಿ ಮಳೆಯಿಂದ ಆಟ ರದ್ದಾದರೆ ಹಣ ವಾಪಸ್ ಇಲ್ಲ, ಇನ್ನೊಂದು ದಿನದ ಟಿಕೆಟ್ಟಿಗೆ ಬದಲಾಯಿಸಿಕೊಳ್ಳಬಹುದು. ಲಂಡನ್ನಿನವರಿಗೆ ಇದು ನ್ಯಾಯವೇ. ನಾಳೆ ವಿಮಾನ ಹತ್ತುವವರಿಗೆ ಆ ಇನ್ನೊಂದು ದಿನ ಎಲ್ಲಿಂದ ಬರಬೇಕು? ಅಲ್ಲಿಗೇ ಹೋಗುವುದಾದರೆ ಪ್ರವಾಸದ ಮೊದಲ ಸಂಜೆಗಳಲ್ಲೇ ಬುಕ್ ಮಾಡಿ.

ನಾಟಿಂಗ್ ಹಿಲ್‌ಗೆ ಟಿಕೆಟ್ಟೇ ಇಲ್ಲ. ಆಗಸ್ಟ್ ಕೊನೆಯ ಸೋಮವಾರ ಮತ್ತು ಅದರ ಹಿಂದಿನ ಭಾನುವಾರ ಬೀದಿಗಳೆಲ್ಲ ಕೆರಿಬಿಯನ್ ಆಗುತ್ತವೆ: ಸ್ಟೀಲ್‌ಪ್ಯಾನ್ ಎಂಬ ಉಕ್ಕಿನ ವಾದ್ಯ, ಗರಿಗಳ ವೇಷ, ಎದೆಯೊಳಗೇ ಬಡಿಯುವ ಸೌಂಡ್ ಸಿಸ್ಟಮ್‌ಗಳು. ಎರಡೂ ದಿನ ಮಧ್ಯಾಹ್ನ 3 ಗಂಟೆಗೆ ಅಲ್ಲೇ ಹತ್ತಿರದ ವಸತಿ ಕಟ್ಟಡ ಗ್ರೆನ್‌ಫೆಲ್ ಟವರ್‌ನ 2017ರ ಬೆಂಕಿಯಲ್ಲಿ ಸತ್ತ 72 ಜನರಿಗಾಗಿ 72 ಸೆಕೆಂಡ್ ಎಲ್ಲವೂ ನಿಲ್ಲುತ್ತದೆ. ಇದನ್ನು ನಾಟಕದ ಜೊತೆ ತೂಗುವುದೇ ಸರಿಯಲ್ಲವೇನೋ. ಗುಂಪು ಆಗದವರು, ಶೌಚಾಲಯದ ಸಾಲು ಸಹಿಸದವರು ದೂರವೇ ಇರಿ. ಹೋಗುವುದಾದರೆ ಭಾನುವಾರ ಬೆಳಗ್ಗೆ ಹೋಗಿ, ಅದು ಮಕ್ಕಳೊಂದಿಗರ ದಿನ, ಸೋಮವಾರದಷ್ಟು ನೂಕುನುಗ್ಗಲು ಇರುವುದಿಲ್ಲ. ಲ್ಯಾಡ್‌ಬ್ರೋಕ್ ಗ್ರೋವ್ ಸ್ಟೇಷನ್ ಆ ಎರಡು ದಿನ ಮುಚ್ಚಿರುತ್ತದೆ, ಪ್ಯಾಡಿಂಗ್ಟನ್ ಕಡೆಯಿಂದ ನಡೆದೇ ಹೋಗಿ.